ಗಿರಾಕಿಯ ಮನಸ್ಸು, ಅಂಗಡಿಯ ಮಾತು: ಭಾವನೆ ಬಳಸಿ ಮಾರುವುದರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಅಂಗಡಿಕಾರರು, ಮನೆಯಲ್ಲೇ ರೊಟ್ಟಿ-ಚಟ್ನಿಪುಡಿ ಮಾಡಿ ಮಾರುವವರು, ಖಾನಾವಳಿಯವರು, ಕೋಚಿಂಗ್ ಕ್ಲಾಸಿನವರು ಜಾಹೀರಾತು ಬರೆಸಲು ಬಂದಾಗ ಕೇಳುವ ಪ್ರಶ್ನೆಗಳಿವು. ಪ್ರಶ್ನೆಗಳನ್ನು ಅವರು ಕೇಳಿದ ಧಾಟಿಯಲ್ಲೇ ಬಿಟ್ಟಿದ್ದೇನೆ. ಉತ್ತರ ನನ್ನದು, ತಕರಾರಿದ್ದರೆ ಅದೂ ನನಗೇ ಸೇರಿದ್ದು.

ಭಾವನೆ ಹಿಡದು ಮಾರೂದಂದ್ರ ಮಂದೀನ ಮಳ್ಳ ಮಾಡೂದಲ್ಲೇನ್ರಿ?

ಆಗಬಹುದು. ಆಗಲೇಬೇಕೆಂದೇನಿಲ್ಲ. ಗಿರಾಕಿ ಅಂಗಡಿ ಮೆಟ್ಟಿಲು ಹತ್ತುವಾಗಲೇ ಒಂದು ಭಾವನೆ ಹೊತ್ತು ಬಂದಿರುತ್ತಾನೆ. ಮಗಳ ಮದುವೆಗೆ ಅರಿವೆ ತೆಗೆಯಲು ಹುಬ್ಬಳ್ಳಿಯ ಜವಳಿ ಸಾಲಿಗೆ ಬಂದ ಅಪ್ಪನಿಗೆ ಖುಷಿಯೂ ಇರುತ್ತದೆ, ಬೀಗರ ಮುಂದೆ ಎಲ್ಲಿ ಕಡಿಮೆಯಾದೀತೋ ಎಂಬ ಅಳುಕೂ ಇರುತ್ತದೆ. ಆ ಖುಷಿಗೆ ಜೊತೆಯಾಗಿ, 'ಮದುಮಗಳು ಯಾವ ಬಣ್ಣ ಇಷ್ಟಪಡ್ತಾಳ್ರಿ?' ಎಂದು ಕೇಳುವವನೂ ಭಾವನೆಯಿಂದಲೇ ಮಾರುತ್ತಾನೆ. ಅಳುಕನ್ನು ಕೆದಕಿ, 'ಇಷ್ಟ ತಗೊಂಡ್ರ ಬೀಗರು ಏನಂದಾರು ನೋಡ್ರಿ' ಎಂದು ಇನ್ನೆರಡು ಸೀರೆ ಕಟ್ಟಿಸುವವನೂ ಭಾವನೆಯಿಂದಲೇ ಮಾರುತ್ತಾನೆ. ಎರಡನೆಯವನು ಮಾಡಿದ್ದು ಮಳ್ಳ ಮಾಡುವ ಕೆಲಸ.

ನಾನು ಇಟ್ಟುಕೊಂಡಿರುವ ಅಳತೆ ಇಷ್ಟೇ: ನೀವು ಆ ಮಾತು ಯಾಕೆ ಆಡಿದಿರಿ ಎಂಬುದು ಗಿರಾಕಿಗೆ ಪೂರ್ತಿ ಗೊತ್ತಾದ ಮೇಲೂ ಅವನು ನಿಮ್ಮ ಅಂಗಡಿಗೆ ಬರುತ್ತಾನೆಯೇ? ಬರುತ್ತಾನೆ ಎಂದಾದರೆ ಧೈರ್ಯವಾಗಿ ಆಡಿ.

ನಮ್ಮ ಕಡೆ ಮಂದಿ ರೇಟ್ ಅಷ್ಟ ನೋಡ್ತಾರ. ಭಾವನೆ-ಗೀವನೆ ಎಲ್ಲಾ ಬೆಂಗಳೂರು, ಮುಂಬೈನವರಿಗೆ ಅಲ್ಲೇನು?

ರೇಟ್ ನೋಡುತ್ತಾರೆ, ನಿಜ. ಆದರೆ ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ನಿಂತು ಹತ್ತು ರೂಪಾಯಿಗಾಗಿ ಹದಿನೈದು ನಿಮಿಷ ಚೌಕಾಸಿ ಮಾಡುವ ಹೆಣ್ಣುಮಗಳನ್ನು ಗಮನಿಸಿ. ಆ ಹದಿನೈದು ನಿಮಿಷದ ಬೆಲೆ ಹತ್ತು ರೂಪಾಯಿಗಿಂತ ಹೆಚ್ಚೆಂದು ಅವಳಿಗೂ ಗೊತ್ತು. ಅವಳಿಗೆ ಬೇಕಾದದ್ದು ಗೆದ್ದ ಸಮಾಧಾನ, ಮನೆಗೆ ಹೋಗಿ 'ಇಷ್ಟಕ್ಕ ಇಳಿಸಿ ತಂದೆ' ಎಂದು ಹೇಳುವ ಹೆಮ್ಮೆ. ರೇಟಿನೊಳಗೂ ಭಾವನೆಯೇ ಕೂತಿದೆ.

ಮನೋವಿಜ್ಞಾನಿಗಳಾದ ಡೇನಿಯಲ್ ಕಾನೆಮನ್ ಮತ್ತು ಅಮೋಸ್ ಟ್ವರ್ಸ್ಕಿ 1979ರಲ್ಲಿ ಪ್ರಕಟಿಸಿದ ಸಿದ್ಧಾಂತದ ತಿರುಳೂ ಇದಕ್ಕೆ ಹತ್ತಿರ. ನೂರು ರೂಪಾಯಿ ಸಿಕ್ಕಾಗಿನ ಖುಷಿಗಿಂತ ನೂರು ರೂಪಾಯಿ ಕಳೆದಾಗಿನ ಸಂಕಟ ದೊಡ್ಡದು, ಸುಮಾರು ಇಮ್ಮಡಿ. ರೇಟ್ ಏರಿಸಿದ ಮರುದಿನ ಹಳೇ ಗಿರಾಕಿ ಮುಖ ತಿರುಗಿಸುವುದು ಐದು ರೂಪಾಯಿಗಲ್ಲ, ತನ್ನದೇನೋ ಹೋಯಿತು ಎಂಬ ಸಂಕಟಕ್ಕೆ.

ಇನ್ನೂ ಆಳದ ಮಾತೊಂದಿದೆ. ನರವಿಜ್ಞಾನಿ ಆಂಟೋನಿಯೊ ಡಮಾಸಿಯೊ 'ಎಲಿಯಟ್' ಎಂದು ಕರೆದ ಒಬ್ಬ ರೋಗಿಯ ಬಗ್ಗೆ ಬರೆದಿದ್ದಾರೆ. ಮಿದುಳಿನ ಮುಂಭಾಗದ ಗೆಡ್ಡೆ ತೆಗೆದ ಮೇಲೂ ಆತನ ಬುದ್ಧಿ, ನೆನಪು, ಲೆಕ್ಕ ಎಲ್ಲ ನೆಟ್ಟಗಿದ್ದವು. ಭಾವನೆ ಮಾತ್ರ ಬತ್ತಿಹೋಗಿತ್ತು. ಸಣ್ಣ ಸಣ್ಣ ವಿಷಯಕ್ಕೂ ಇದೋ ಅದೋ ಎಂದು ತೂಗುತ್ತಲೇ ಕೂರುತ್ತಿದ್ದ, ತೀರ್ಮಾನ ಮಾತ್ರ ಆಗುತ್ತಿರಲಿಲ್ಲ. ಭಾವನೆ ಇಲ್ಲದ ಗಿರಾಕಿ ಇದ್ದಿದ್ದರೆ ಅವನು ಜಾಣ ಗಿರಾಕಿಯಾಗುತ್ತಿರಲಿಲ್ಲ, ಸಂಜೆತನಕ ಕೌಂಟರಿನ ಮುಂದೆ ನಿಂತೇ ಇರುತ್ತಿದ್ದ.

ನನ್ನ ಮಾಲಿಗೆ ಯಾವ ಭಾವನೆ ಹೊಂದತೈತಿ ಅಂತ ಹ್ಯಾಂಗ ಗೊತ್ತು ಮಾಡ್ಕೊಳ್ಳೂದು?

ಮಾಲನ್ನು ನೋಡಬೇಡಿ, ಕೊಳ್ಳುವ ಗಳಿಗೆಯನ್ನು ನೋಡಿ. ಕಲಘಟಗಿ ತೊಟ್ಟಿಲನ್ನೇ ತೆಗೆದುಕೊಳ್ಳೋಣ. ಬಣ್ಣದ ಚಿತ್ರ ಬರೆದ ಮರದ ತೊಟ್ಟಿಲು. ದರದ ಮಾತಿಗೆ ಬಂದರೆ ಪೇಟೆಯಲ್ಲಿ ಸಿಗುವ ಕಬ್ಬಿಣದ ತೊಟ್ಟಿಲು, ಬಟ್ಟೆ ಜೋಳಿಗೆಗಳ ಮುಂದೆ ಅದು ನಿಲ್ಲುವುದಿಲ್ಲ. 'ಒಳ್ಳೆ ಕಟ್ಟಿಗೆ, ಗಟ್ಟಿ ಬಣ್ಣ' ಎಂದು ಬರೆದರೆ ಓದಿದವನು ತಲೆಯಾಡಿಸಿ ಮುಂದೆ ಹೋಗುತ್ತಾನೆ.

ಈಗ ಅದನ್ನು ಯಾರು, ಯಾವಾಗ ತರುತ್ತಾರೆ ನೋಡಿ. ನಮ್ಮಲ್ಲಿ ಚೊಚ್ಚಲ ಬಾಣಂತನ ತವರಿನಲ್ಲಿ. ಹೆಸರಿಡುವ ದಿನ ಹತ್ತಿರ ಬರುತ್ತಿದ್ದಂತೆ ತೊಟ್ಟಿಲಿನ ಚಿಂತೆ ಹತ್ತುವುದು ಮಗುವಿನ ಅಪ್ಪನಿಗಲ್ಲ, ಬಾಣಂತಿಯ ಅಪ್ಪ-ಅವ್ವನಿಗೆ. ಅವರ ಮನಸ್ಸಿನಲ್ಲಿರುವುದು 'ಮೊಮ್ಮಗನನ್ನು ತೂಗಿದ ತೊಟ್ಟಿಲು ನಾವು ಕೊಟ್ಟದ್ದಾಗಿರಬೇಕು' ಎಂಬುದು. ಅಂಥ ತೊಟ್ಟಿಲು ಒಂದು ಮಗುವಿಗೇ ಮುಗಿಯುವುದಿಲ್ಲ. ಅಣ್ಣನ ಮನೆಗೆ ಹೋಗುತ್ತದೆ, ಅತ್ತಿಗೆಯ ತಂಗಿಗೆ ಎರವಲು ಹೋಗುತ್ತದೆ, ತಲೆಮಾರು ದಾಟುತ್ತದೆ. ಹಾಗಾಗಿ ಜಾಹೀರಾತು ಅಜ್ಜನ ಜೊತೆ ಮಾತಾಡಬೇಕು: 'ಈ ತೊಟ್ಟಿಲದಾಗ ಮೊಮ್ಮಗಳು ಮಲಗತಾಳ. ಮುಂದ ಅಕಿ ಮಗಳೂ ಮಲಗತಾಳ. ತಂದವರು ಯಾರಂತ ಮನ್ಯಾಗ ಎಲ್ಲಾರಿಗೂ ಗೊತ್ತಿರತೈತಿ.' ಕಟ್ಟಿಗೆ, ಬಣ್ಣ, ದರ, ಎಷ್ಟು ದಿನ ಮೊದಲು ಹೇಳಬೇಕು ಎಂಬುದೆಲ್ಲ ಅದರ ಕೆಳಗೆ ಸಣ್ಣಕ್ಷರದಲ್ಲಿ ಸಾಕು.

ಹಾವೇರಿಯ ಏಲಕ್ಕಿ ಹಾರಕ್ಕೂ ಇದೇ ದಾರಿ. ಅದನ್ನು ಕೊಳ್ಳುವವನು ಹಾಕಿಕೊಳ್ಳುವುದಿಲ್ಲ, ಇನ್ನೊಬ್ಬರಿಗೆ ಹಾಕುತ್ತಾನೆ. ಹೂವಿನ ಹಾರ ಸಭೆ ಮುಗಿಯುವ ಹೊತ್ತಿಗೆ ಬಾಡುತ್ತದೆ, ಏಲಕ್ಕಿ ಹಾರ ಸನ್ಮಾನಿತರ ಮನೆಯ ಗೋಡೆ ಸೇರುತ್ತದೆ. 'ನೀವು ಮಾಡಿದ ಮರ್ಯಾದೆ ಅವರ ಮನೆಯಲ್ಲಿ ಉಳಿಯುತ್ತದೆ' ಎಂಬುದಷ್ಟೇ ಅಲ್ಲಿ ಹೇಳಬೇಕಾದ ಮಾತು.

ನಮ್ಮ ಜಾಹೀರಾತಿನ್ಯಾಗ ಪ್ರೀತಿ, ನಂಬಿಕೆ, ಪರಂಪರೆ ಎಲ್ಲಾ ಅದಾವ. ಆದ್ರೂ ಯಾರೂ ಫೋನ್ ಮಾಡವಲ್ರು. ಯಾಕ?

ಆ ಮೂರೂ ಶಬ್ದಗಳು ಇರುವುದರಿಂದಲೇ. ನಮ್ಮ ಅಲಂಕಾರಶಾಸ್ತ್ರ ಇದನ್ನು ಎಂದೋ ದೋಷದ ಪಟ್ಟಿಗೆ ಸೇರಿಸಿದೆ: ರಸವನ್ನು ಅದರ ಹೆಸರು ಹಿಡಿದು ಹೇಳಬಾರದು. ಶೋಕ ಎಂದು ಬರೆದರೆ ಶೋಕ ಹುಟ್ಟುವುದಿಲ್ಲ. ನಾಟ್ಯಶಾಸ್ತ್ರ ಬರೆದ ಭರತನ ಸೂತ್ರದಲ್ಲಿ ರಸ ಹುಟ್ಟುವುದು ವಿಭಾವ, ಅನುಭಾವ, ವ್ಯಭಿಚಾರಿ ಭಾವಗಳ ಕೂಡುವಿಕೆಯಿಂದ. ಎಂದರೆ ಕಾರಣ-ಸಂದರ್ಭ, ಮುಖದ ಮೇಲೆ ಕಾಣುವ ಚಹರೆ, ನಡುವೆ ಬಂದುಹೋಗುವ ಸಣ್ಣ ಭಾವಗಳು ಇವುಗಳಿಂದ. ರಂಗಭೂಮಿಗೆ ಹೇಳಿದ ಮಾತು ಕರಪತ್ರಕ್ಕೂ ಸಲ್ಲುತ್ತದೆ.

ಧಾರವಾಡದ ಮನೆಯೊಂದರಿಂದ ಹೀಗೊಂದು ಬರಹ ಬಂತು ಎಂದಿಟ್ಟುಕೊಳ್ಳಿ: 'ಪರಂಪರೆಯ ರುಚಿ, ತಾಯಿಯ ಪ್ರೀತಿ, ನಂಬಿಕೆಯ ಗುಣಮಟ್ಟ. ಒಮ್ಮೆ ಸವಿದು ನೋಡಿ!' ಇದನ್ನು ಚಟ್ನಿಪುಡಿಗೂ ಹಚ್ಚಬಹುದು, ಅಡುಗೆ ಎಣ್ಣೆಗೂ ಹಚ್ಚಬಹುದು. ತಿದ್ದಿದರೆ ಹೀಗಾಗುತ್ತದೆ: 'ಹಾಸ್ಟೆಲ್ಲಿಗೆ ಹೊಂಟ ಮಗನ ಬ್ಯಾಗಿನ್ಯಾಗ ಜಾಗ ಇಲ್ಲಂದ್ರೂ ಒಂದ ಡಬ್ಬಿ ತುರುಕಿಬಿಡ್ರಿ. ಶೇಂಗಾ ಹಿಂಡಿ, ಅರ್ಧ ಕಿಲೋ. ಒರಳಾಗ ಕುಟ್ಟಿದ್ದು. ಖಾರಕ್ಕ ಬ್ಯಾಡಗಿ ಮೆಣಸಿನಕಾಯಿ.' ಪ್ರೀತಿ ಎಂಬ ಶಬ್ದ ಎಲ್ಲೂ ಇಲ್ಲ. ಬ್ಯಾಗಿನ ಜಿಪ್ ಹತ್ತದೆ ಹೆಣಗುವ ಅವ್ವ ಮಾತ್ರ ಕಾಣುತ್ತಾಳೆ.

ಇಲ್ಲೊಂದು ಎಚ್ಚರಿಕೆ. ಮಿಕ್ಸರ್‌ಗೆ ಹಾಕಿದ್ದಾದರೆ ಒರಳು ಎಂದು ಬರೆಯಬೇಡಿ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಖಾರ ಕಡಿಮೆ, ಕೆಂಪು ಗಾಢ ಎಂಬುದೇ ಅದರ ಗುರುತು. ಅದರಿಂದ ತೆಗೆದ ಬಣ್ಣ ಲಿಪ್‌ಸ್ಟಿಕ್‌ಗೂ ಹೋಗುತ್ತದೆ. ಬೇರೆ ಊರಿನ ಖಾರದ ಕಾಯಿ ಬೆರೆಸಿ ಬ್ಯಾಡಗಿ ಎಂದು ಚೀಟಿ ಹಚ್ಚಿದರೆ ನಮ್ಮ ಕಡೆಯ ಹೆಣ್ಣುಮಕ್ಕಳ ನಾಲಿಗೆಗೆ ಮೊದಲ ತುತ್ತಿಗೇ ಗೊತ್ತಾಗುತ್ತದೆ.

ಜಾಹೀರಾತ ಇಲ್ದ ಭಾವನೆ ಮುಟ್ಟಸಾಕ ಬರತೈತೇನು? ನಮ್ಮದು ಸಣ್ಣ ಖಾನಾವಳಿ.

ಖಾನಾವಳಿಗೆ ಜಾಹೀರಾತು ಬರೆಸುವುದಕ್ಕಿಂತ ರೊಟ್ಟಿ ಬಡಿಯುವ ಜಾಗ ಬದಲಿಸುವುದು ಮೇಲು. ಒಳಗಿನ ಕತ್ತಲೆ ಕೋಣೆಯಲ್ಲಿ ಬಡಿಯುತ್ತಿದ್ದರೆ ಬಾಗಿಲ ಹತ್ತಿರ ತನ್ನಿ. ಕೊಣಮಿಗೆಯ ಮೇಲೆ ಅಂಗೈ ಬೀಳುವ ಪಟಪಟ ಸದ್ದು, ಒಲೆಗೆ ಆನಿಸಿದ ರೊಟ್ಟಿ ಉಬ್ಬುವುದು, ಜೋಳದ ಹಿಟ್ಟು ಸುಟ್ಟ ವಾಸನೆ. ಬಸ್ ಸ್ಟ್ಯಾಂಡಿನಿಂದ ಹಸಿದು ಬರುವವನಿಗೆ ಇದಕ್ಕಿಂತ ದೊಡ್ಡ ಬೋರ್ಡು ಬೇಡ. ಎಣ್ಣೆಗಾಯಿ ಪಲ್ಲೆ ಎರಡನೇ ಸಲ ಬಡಿಸುವಾಗ ಕೇಳದೆ ಬಡಿಸಿ.

ಅಂಜಿಸಿ ಮಾರಿದ್ರ ಲಗೂನ ವ್ಯಾಪಾರ ಆಗತೈತಂತಾರ. ಹೌದೇನು?

ಅರ್ಧ ಹೌದು. 1965ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಹೊವಾರ್ಡ್ ಲೆವೆಂಥಾಲ್ ಮತ್ತು ಸಂಗಡಿಗರು ಧನುರ್ವಾಯು ಲಸಿಕೆಯ ಬಗ್ಗೆ ಒಂದು ಪ್ರಯೋಗ ಮಾಡಿದರು. ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಮೈ ಜುಮ್ಮೆನ್ನುವ ಚಿತ್ರ, ಕೆಲವರಿಗೆ ಸೌಮ್ಯವಾದ ಮಾಹಿತಿ. ಹೆಚ್ಚು ಹೆದರಿದವರು ಲಸಿಕೆ ಹಾಕಿಸಿಕೊಳ್ಳುತ್ತೇವೆ ಎಂದರೇ ಹೊರತು ಹೋಗಿ ಹಾಕಿಸಿಕೊಂಡವರು ಅಷ್ಟೇನಿಲ್ಲ. ವ್ಯತ್ಯಾಸ ಮಾಡಿದ್ದು ಬೇರೆಯೇ. ಆರೋಗ್ಯ ಕೇಂದ್ರ ಎಲ್ಲಿದೆ ಎಂಬ ನಕಾಶೆ ಕೊಟ್ಟು, ಯಾವಾಗ ಹೋಗುತ್ತೀರಿ ಎಂದು ಯೋಚಿಸಲು ಹೇಳಿದ ಗುಂಪಿನಲ್ಲಿ 28 ಶೇಕಡಾ ಜನ ಹಾಕಿಸಿಕೊಂಡರು. ನಕಾಶೆ ಇಲ್ಲದ ಗುಂಪಿನಲ್ಲಿ 3 ಶೇಕಡಾ. ಭಯಕ್ಕಿಂತ ದಾರಿ ದೊಡ್ಡದು.

ಹಾಗಾಗಿ ವಿಮೆ, ನೀರಿನ ಫಿಲ್ಟರ್, ಹೆಲ್ಮೆಟ್ ಮಾರುವವರು ಭಯವನ್ನು ಒಂದು ಸಾಲಿಗೆ ನಿಲ್ಲಿಸಿ, ಉಳಿದ ನಾಲ್ಕು ಸಾಲಿನಲ್ಲಿ ಮುಂದೇನು ಮಾಡಬೇಕು, ಎಲ್ಲಿಗೆ ಬರಬೇಕು, ಎಷ್ಟು ಖರ್ಚು ಎಂದು ಬರೆಯಿರಿ.

ಧಾರವಾಡದವರು ಈ ಪ್ರಶ್ನೆ ಕೇಳಿದರೆ ನನ್ನ ದನಿ ಸ್ವಲ್ಪ ಗಟ್ಟಿಯಾಗುತ್ತದೆ. ಸಪ್ತಾಪುರದಲ್ಲಿ ಓಡಾಡಿದರೆ ಗೋಡೆ ಗೋಡೆಗೂ ಕೆಎಎಸ್, ಪಿಎಸ್‌ಐ ಕೋಚಿಂಗ್ ಬೋರ್ಡುಗಳು. ಹಳ್ಳಿಯಿಂದ ಬಂದು ರೂಮು ಮಾಡಿಕೊಂಡಿರುವ ಹುಡುಗನಿಗೆ ವಯೋಮಿತಿಯ ಚಿಂತೆ, ಊರಲ್ಲಿ ಅಪ್ಪ ಮಾಡಿದ ಸಾಲದ ಚಿಂತೆ ಮೊದಲೇ ಇರುತ್ತದೆ. 'ಇದೇ ನಿಮ್ಮ ಕೊನೆಯ ಅವಕಾಶ' ಎಂದು ಅವನಿಗೆ ಹೇಳುವುದು ವ್ಯಾಪಾರವಲ್ಲ. ಕಾನೂನೂ ಈಗ ಬಿಗಿಯಾಗಿದೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ನವೆಂಬರಿನಲ್ಲಿ ಕೋಚಿಂಗ್ ಜಾಹೀರಾತುಗಳಿಗೆಂದೇ ಮಾರ್ಗಸೂಚಿ ತಂದಿದೆ. ಆಯ್ಕೆ ಖಚಿತ, ಕೆಲಸ ಖಚಿತ ಎಂದು ಬರೆಯುವಂತಿಲ್ಲ. ಪಾಸಾದವರ ಫೋಟೋ ಹಾಕಬೇಕೆಂದರೆ ಅವರು ಆಯ್ಕೆಯಾದ ಮೇಲೆ ಲಿಖಿತ ಒಪ್ಪಿಗೆ ಪಡೆದಿರಬೇಕು. ಅವರು ಯಾವ ಕೋರ್ಸಿಗೆ ಸೇರಿದ್ದರು ಎಂಬುದನ್ನೂ ಮುಚ್ಚಿಡುವಂತಿಲ್ಲ.

'ಇವತ್ತ ಕಡೇ ದಿನ', 'ಎರಡ ಪೀಸ್ ಉಳದಾವ' ಅಂತ ಹಾಕಬಹುದೇನು?

ಉಳಿದಿರುವುದು ನಿಜವಾಗಿ ಎರಡೇ ಆದರೆ ಹಾಕಿ. 1975ರಲ್ಲಿ ಸ್ಟೀಫನ್ ವರ್ಷೆಲ್ ಮತ್ತು ಸಂಗಡಿಗರು ಒಂದೇ ತರದ ಬಿಸ್ಕತ್ತನ್ನು ಎರಡಿದ್ದ ಡಬ್ಬಿಯಿಂದಲೂ ಹತ್ತಿದ್ದ ಡಬ್ಬಿಯಿಂದಲೂ ಕೊಟ್ಟು ನೋಡಿದರು. ಎರಡಿದ್ದ ಡಬ್ಬಿಯದೇ ಹೆಚ್ಚು ಬೇಕೆನಿಸಿತು. ಕೊರತೆಗೆ ಆ ಶಕ್ತಿ ಇದೆ. ಆದರೆ ಶ್ರಾವಣದಲ್ಲಿ ಕಟ್ಟಿದ 'ಕಡೇ ದಿನ' ಬ್ಯಾನರ್ ದೀಪಾವಳಿಗೂ ನೇತಾಡುತ್ತಿದ್ದರೆ ಅದನ್ನು ನೋಡಿ ನಗುವವರೇ ಹೆಚ್ಚು. ಆನ್‌ಲೈನ್ ಮಾರುವವರಿಗೆ ನಗುವಿನಲ್ಲೇ ಮುಗಿಯುವುದಿಲ್ಲ. 2023ರ ನವೆಂಬರಿನಲ್ಲಿ ಬಂದ ಕೇಂದ್ರದ ಮಾರ್ಗಸೂಚಿ 13 ಬಗೆಯ ಮೋಸದ ವಿನ್ಯಾಸಗಳನ್ನು ಹೆಸರಿಸಿದೆ. ಸುಳ್ಳು ತುರ್ತು ಅದರಲ್ಲೊಂದು. ಬೇಡ ಎಂದವರನ್ನು ನಾಚಿಸುವ ಬಟನ್, ಕೇಳದೆಯೇ ಬುಟ್ಟಿಗೆ ಸಾಮಾನು ಸೇರಿಸುವುದೂ ಅದರಲ್ಲಿವೆ.

ಕನ್ನಡಾಭಿಮಾನ, ದೇಶಾಭಿಮಾನ ಹಿಡದು ಮಾರಿದ್ರ?

ಇದಕ್ಕೆ ಹುಬ್ಬಳ್ಳಿಯಲ್ಲೇ ಕಣ್ಣಿಗೆ ಕಾಣುವ ಪಾಠವಿದೆ. ಬೆಂಗೇರಿಯ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ 1957ರಲ್ಲಿ ಹುಟ್ಟಿದ್ದು. ಅದರ ರಾಷ್ಟ್ರಧ್ವಜ ಘಟಕಕ್ಕೆ 2006ರಲ್ಲಿ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಮಾನ್ಯತೆ ಬಂತು. ಧ್ವಜದ ನೂಲು, ನೇಯ್ಗೆ, ಬಣ್ಣ, ಅಳತೆ, ಹೊಲಿಗೆ ಎಲ್ಲಕ್ಕೂ ಕಟ್ಟುನಿಟ್ಟು. ಚಕ್ರ ಒಂಚೂರು ವಾಲಿದರೂ ಧ್ವಜ ಪಕ್ಕಕ್ಕೆ ಹೋಗುತ್ತದೆ. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ ಯಂತ್ರದಲ್ಲಿ ಮಾಡಿದ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ಸಿಕ್ಕಿತು. ಮರುವರ್ಷ 'ಹರ್ ಘರ್ ತಿರಂಗಾ' ಅಭಿಯಾನ ಬಂದಾಗ ದೇಶಾಭಿಮಾನದ ಅಲೆ ಮನೆ ಮನೆ ಮುಟ್ಟಿತು. ಪೇಟೆಯಲ್ಲಿ ಅಗ್ಗದ ಪಾಲಿಯೆಸ್ಟರ್ ಧ್ವಜಗಳು ರಾಶಿ ಬಿದ್ದವು. ಖಾದಿಯವರು ತಿದ್ದುಪಡಿ ವಾಪಸಾಗಲಿ ಎಂದು ಕೇಳಿದರು. ಭಾವನೆ ಒಂದೇ, ಧ್ವಜವೂ ಅದೇ. ಮನೆಮೇಲೆ ಮೂರು ದಿನ ಹಾರಿಸುವವನಿಗೆ ನೂಲಿದ ಕೈ ಯಾರದು ಎಂಬುದು ಕಾಣುವುದಿಲ್ಲ. ಅದನ್ನು ಕಾಣಿಸುವ ಹೊಣೆ ಮಾರುವವನದು. ದೊಡ್ಡ ಅಭಿಮಾನ ಎಲ್ಲರದ್ದೂ ಆದ್ದರಿಂದ ಅದು ಯಾರ ಅಂಗಡಿಗೂ ಪ್ರತ್ಯೇಕವಾಗಿ ಗಿರಾಕಿ ತರುವುದಿಲ್ಲ.

ಇನ್ನೊಂದು ಮಗ್ಗುಲೂ ಇದೆ. 2023ರ ಏಪ್ರಿಲ್‌ನಲ್ಲಿ ಅಮುಲ್ ಬೆಂಗಳೂರಿನಲ್ಲಿ ಹಾಲು-ಮೊಸರು ಮಾರುವುದಾಗಿ ಹೇಳಿದಾಗ ನಂದಿನಿ ಪರವಾಗಿ ಎದ್ದ ಕೂಗು ನೆನಪಿರಬಹುದು. ಆ ಅಭಿಮಾನ ಗಟ್ಟಿಯಾಗಿ ನಿಂತದ್ದು ಅದರ ಕೆಳಗೆ ಕಡಿಮೆ ದರ, ಬೆಳಗಿನ ರೂಢಿ, ಊರೂರಿನ ಹಾಲು ಉತ್ಪಾದಕರ ಸಂಘ ಇದ್ದದ್ದರಿಂದ. ಬರೀ ಕೆಂಪು-ಹಳದಿ ಬಣ್ಣ ಬಳಿದರೆ ಅಷ್ಟು ಭಾರ ಹೊರಲಾರದು.

ಆಗಸ್ಟ್ 15ರ ಆಫರ್ ಹಾಕುವವರಿಗೊಂದು ಮಾತು: 1950ರ ಲಾಂಛನ ಮತ್ತು ಹೆಸರುಗಳ ದುರುಪಯೋಗ ತಡೆ ಕಾಯ್ದೆಯಂತೆ ರಾಷ್ಟ್ರಧ್ವಜ, ಗಾಂಧೀಜಿಯ ಚಿತ್ರ, ಪ್ರಧಾನಿಯ ಚಿತ್ರ ಇವನ್ನು ಅನುಮತಿ ಇಲ್ಲದೆ ವ್ಯಾಪಾರಕ್ಕೆ ಬಳಸುವಂತಿಲ್ಲ. ಪ್ರತಿ ವರ್ಷ ವಾಟ್ಸ್‌ಆ್ಯಪ್‌ನಲ್ಲಿ ಚಪ್ಪಲಿ ಆಫರಿನ ಹಿಂದೆ ಧ್ವಜ ಹಾರುವುದನ್ನು ನೋಡಿದಾಗೆಲ್ಲ ಹಣೆ ಚಚ್ಚಿಕೊಳ್ಳುವಂತಾಗುತ್ತದೆ.

ಗದಗ-ಬೆಟಗೇರಿ ನೇಕಾರರ ಕಷ್ಟ ತೋರಿಸಿ ಸೀರಿ ಮಾರಬಹುದೇನು?

ಕಥೆ ಹೇಳಿ, ಕನಿಕರ ಬೇಡಬೇಡಿ. ಒಬ್ಬರ ಕಥೆ ಸಾವಿರ ಜನರ ಅಂಕಿಗಿಂತ ಹೆಚ್ಚು ನಾಟುತ್ತದೆ, ಅದಂತೂ ನಿಜ. ಡೆಬೊರಾ ಸ್ಮಾಲ್, ಜಾರ್ಜ್ ಲೋವೆನ್‌ಸ್ಟೈನ್, ಪಾಲ್ ಸ್ಲೋವಿಕ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಬ್ಬ ಹುಡುಗಿಯ ಚಿತ್ರ, ಕಥೆ ನೋಡಿದವರು ಸರಾಸರಿ 2.38 ಡಾಲರ್ ದಾನ ಕೊಟ್ಟರು. ಬರೀ ಅಂಕಿಅಂಶ ಓದಿದವರು 1.14. ಹುಡುಗಿಯ ಜೊತೆಗೆ ಅಂಕಿಯನ್ನೂ ಕೊಟ್ಟಾಗ 1.43ಕ್ಕೆ ಇಳಿಯಿತು. ಹಾಗಾಗಿ 'ಇಷ್ಟು ಸಾವಿರ ಕುಟುಂಬ' ಎಂಬ ಸಾಲು ಬಿಡಿ, ಒಂದು ಮಗ್ಗ ತೋರಿಸಿ.

ಆದರೆ ಆ ಪ್ರಯೋಗ ದಾನದ್ದು. ಸೀರೆ ದಾನವಲ್ಲ. ಕನಿಕರದಿಂದ ಕೊಂಡ ಸೀರೆಯನ್ನು ಹೆಣ್ಣುಮಗಳು ಮದುವೆಗೆ ಉಡುವುದಿಲ್ಲ, ಟ್ರಂಕಿನಲ್ಲಿ ಇಡುತ್ತಾಳೆ, ಎರಡನೆಯದನ್ನು ಕೊಳ್ಳುವುದಿಲ್ಲ. ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತ ನೇಕಾರನ ಸುಕ್ಕುಗಟ್ಟಿದ ಮುಖಕ್ಕಿಂತ ಲಾಳಿ ಎಸೆಯುವ ಅವನ ಕೈ ತೋರಿಸಿ. ಅಂಚಿಗೆ ಎಷ್ಟು ಹೊತ್ತು ಹಿಡಿಯಿತು ಎಂದು ಅವನ ಬಾಯಿಂದಲೇ ಹೇಳಿಸಿ. ಹೆಸರು, ಫೋಟೋ ಬಳಸುವ ಮೊದಲು ಕೇಳಿ, ಜಾಹೀರಾತು ಅಚ್ಚಾದ ಮೇಲೆ ಅವನಿಗೂ ಒಂದು ಪ್ರತಿ ಕೊಡಿ. ಗದಗಿನಲ್ಲಿ ಪ್ರಿಂಟಿಂಗ್ ಪ್ರೆಸ್‌ಗಳಿಗೇನೂ ಬರವಿಲ್ಲ.

ಇದನ್ನು ಗದಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1905ರಲ್ಲಿ ದೇಶದ ಮೊದಲ ಕೃಷಿ ಸಹಕಾರ ಸಂಘ ಹುಟ್ಟಿದ್ದು ಅವರದೇ ಜಿಲ್ಲೆಯ ಕಣಗಿನಹಾಳದಲ್ಲಿ. ಸಹಾಯ ಬೇಡುವುದು ಬೇರೆ, ಪಾಲುದಾರನಾಗುವುದು ಬೇರೆ ಎಂದು ಆ ನೆಲಕ್ಕೆ ಗೊತ್ತು.

ಬರಹ ನಮ್ಮ ಹುಬ್ಬಳ್ಳಿ ಭಾಷಾದಾಗ ಇರಬೇಕೋ, ಪುಸ್ತಕದ ಭಾಷಾದಾಗೋ?

ಊಟ, ಅರಿವೆ, ಹಬ್ಬ, ತಮಾಷೆ ಇದ್ದಲ್ಲಿ ನಮ್ಮ ಮಾತು. ಗ್ಯಾರಂಟಿ, ದರ, ಶರತ್ತು, ಔಷಧಿ ಇದ್ದಲ್ಲಿ ಎಲ್ಲರಿಗೂ ಒಂದೇ ಅರ್ಥ ಕೊಡುವ ಮಾತು. ಕಿರಾಣಿ ಅಂಗಡಿಗಳ 'ಇಂದು ನಗದು, ನಾಳೆ ಉದ್ರಿ' ಬೋರ್ಡು ಬರೆದವನಿಗೆ ನನ್ನ ನಮಸ್ಕಾರ. ಉದ್ರಿ ಇಲ್ಲ ಎಂದು ನೇರ ಬರೆದಿದ್ದರೆ ಗಿರಾಕಿಗೆ ಅವಮಾನ. ಈ ಬೋರ್ಡು ಓದಿದವನು ನಕ್ಕು ಜೇಬಿಗೆ ಕೈ ಹಾಕುತ್ತಾನೆ. ಅಂದಹಾಗೆ, ನಾಮಫಲಕದಲ್ಲಿ ಕನ್ನಡ 60 ಶೇಕಡಾ ಇರಬೇಕೆಂಬ ನಿಯಮ 2024ರಿಂದ ಇದೆ. ಹೇಗೂ ಬರೆಸಲೇಬೇಕು, ಚೆನ್ನಾಗಿ ಬರೆಸಿ.

ಭಾವನೆಗೆ ಮನಸೋತು ಒಮ್ಮೆ ಬರ್ತಾರ, ಆಮ್ಯಾಲೆ ಬರಂಗಿಲ್ಲ. ಏನ್ ಮಾಡೂದು?

ಧಾರವಾಡ ಪೇಢೆ ನೋಡಿ. ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಪ್ಲೇಗಿನ ಕಾಲದಲ್ಲಿ ಬಂದ ಠಾಕೂರ ಮನೆತನದ ಕಥೆ ಎಲ್ಲರಿಗೂ ಗೊತ್ತು. ಲೈನ್ ಬಜಾರಿನಲ್ಲಿ ಜನ ಸಾಲು ನಿಲ್ಲುವುದು ಕಥೆ ಕೇಳಲಿಕ್ಕಲ್ಲ. ಹುರಿದ ಖೋವಾದ ಆ ಕಂದು ಬಣ್ಣ, ಮೇಲಿನ ಸಕ್ಕರೆ ಪುಡಿ, ಹೋದ ಸಲದ ರುಚಿಯೇ ಈ ಸಲವೂ. ಪರಸ್ಥಳದ ನೆಂಟರಿಗೆ ಒಯ್ಯುವ ಡಬ್ಬಿಯಲ್ಲಿ ಊರಿನ ಮರ್ಯಾದೆ ಇರುತ್ತದೆ, ಅದಕ್ಕೆ ರುಚಿ ತಪ್ಪುವಂತಿಲ್ಲ.

ಮತ್ತೊಂದು ಗುಟ್ಟು ಕೊನೆಯ ಗಳಿಗೆಯದು. ಜನ ಒಂದು ಅನುಭವವನ್ನು ಸರಾಸರಿ ತೆಗೆದು ನೆನಪಿಟ್ಟುಕೊಳ್ಳುವುದಿಲ್ಲ. ಅದರ ಉತ್ಕಟ ಗಳಿಗೆ ಮತ್ತು ಮುಕ್ತಾಯ ಇವೆರಡೇ ಉಳಿಯುತ್ತವೆ ಎಂದು ಕಾನೆಮನ್ ತೋರಿಸಿದ್ದಾರೆ. ಒಂದು ತಾಸು ನಗುತ್ತ ಸೀರೆ ತೋರಿಸಿ, ಬಿಲ್ ಕೌಂಟರಿನಲ್ಲಿ 'ಚಿಲ್ಲರ ಇಲ್ರಿ' ಎಂದು ಮುಖ ಗಂಟಿಕ್ಕಿದರೆ ಮನೆಗೆ ಹೋಗುವುದು ಆ ಗಂಟಿಕ್ಕಿದ ಮುಖವೇ.

ಹೆಚ್ಚುಕಡಿಮಿ ಬರದ್ರ ದಂಡ ಎಷ್ಟು?

ಗ್ರಾಹಕ ರಕ್ಷಣಾ ಕಾಯ್ದೆ 2019ರ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಅದೇ ಮಾಡಿದರೆ 50 ಲಕ್ಷದವರೆಗೆ. ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆ ಎಂಬಂಥ ಜಾಹೀರಾತಿಗೆ 1954ರ ಬೇರೆ ಕಾಯ್ದೆಯೇ ಇದೆ. ಅಂಥವನ್ನು ನಾನು ಬರೆಯುವುದಿಲ್ಲ, ದಯವಿಟ್ಟು ಕೇಳಬೇಡಿ. ನೀವೇ ಗಿರಾಕಿಯಾಗಿ ಮೋಸಹೋದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಬರದದ್ದು ಕೆಲಸ ಮಾಡೇತೋ ಇಲ್ಲೋ ಹ್ಯಾಂಗ ತಿಳೀಬೇಕು?

ಎರಡು ಬರಹ ಮಾಡಿಸಿ. ಒಂದನ್ನು ಒಂದು ವಾರ, ಇನ್ನೊಂದನ್ನು ಮುಂದಿನ ವಾರ ಹಂಚಿ. ಹಬ್ಬದ ವಾರ ಬೇಡ, ಪಂಚಮಿ ಮುಂದಿದ್ದರೆ ಉಂಡಿ ತಾವಾಗೇ ಮಾರಿಹೋಗುತ್ತವೆ, ಲೆಕ್ಕ ಸಿಗುವುದಿಲ್ಲ. ಬಂದವರನ್ನು 'ಏನ್ ಓದಿ ಬಂದ್ರಿ?' ಎಂದು ಕೇಳಿ, ಗಲ್ಲಾಪೆಟ್ಟಿಗೆಯ ಪಕ್ಕದ ವಹಿಯಲ್ಲಿ ಅವರು ಹೇಳಿದ್ದನ್ನು ಹಾಗೇ ಬರೆದಿಡಿ. ಮುಂದಿನ ಸಲ ನನ್ನ ಹತ್ತಿರ ಬರುವಾಗ ಆ ವಹಿ ತನ್ನಿ.